ಮಾಂಟರೇ ಅಕ್ವೇರಿಯಂ: ಅಪ್ಪ-ಅಮ್ಮ, ಪುಟ್ಟ ಮಗು, ಒಂದೇ ದಿನ

ಪ್ರಶ್ನೆ: ಬೆಂಗಳೂರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ, ನಾಲ್ಕು ವರ್ಷದ ಮಗಳಿದ್ದಾಳೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಮಾಂಟರೇ ಬೇ ಅಕ್ವೇರಿಯಂಗೆ ಹೋಗಿಬರಲು ಒಂದು ದಿನ ಸಾಕೇ?

ಸಾಕು. ಆದರೆ ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. ಮಕ್ಕಳೂ ಹಿರಿಯರೂ ಮೂರು ಗಂಟೆಗೆ ಸುಸ್ತಾಗುತ್ತಾರೆ. ಒಳ್ಳೆಯದನ್ನು ಆ ಮೂರು ಗಂಟೆಯೊಳಗೆ ಇಟ್ಟುಕೊಳ್ಳಿ.

ಟಿಕೆಟ್ ದಿನಾಂಕ ಆರಿಸಿ ಆನ್‌ಲೈನಿನಲ್ಲೇ ತೆಗೆದುಕೊಳ್ಳಿ. ಐದು ತುಂಬದ ಮಗಳಿಗೆ ದುಡ್ಡಿಲ್ಲ, ಹಿರಿಯರಿಗೆ ಬೇರೆ ದರ ಇದೆ. ದಾರಿ ಹೈವೇ 101ರಲ್ಲಿ ದಕ್ಷಿಣಕ್ಕೆ, ಬೆಳ್ಳುಳ್ಳಿಯ ಊರು ಗಿಲ್‌ರಾಯ್ ದಾಟಿ, 156ಕ್ಕೆ ತಿರುಗಿ, ಕ್ಯಾಸ್ಟ್ರೋವಿಲ್ ಬಳಿ ಹೈವೇ 1. ಶನಿವಾರ, ಭಾನುವಾರ ಸಿಕ್ಕಿಹಾಕಿಕೊಳ್ಳುವುದು 156ರಲ್ಲೇ. ಎಂಟಕ್ಕೆ ಹೊರಟರೆ ಬಾಗಿಲು ತೆರೆಯುವ ಹೊತ್ತಿಗೆ ನೆಮ್ಮದಿಯಾಗಿ ತಲುಪಬಹುದು. ಅಕ್ವೇರಿಯಂಗೆ ಸ್ವಂತ ಪಾರ್ಕಿಂಗ್ ಇಲ್ಲ. ಅಪ್ಪ-ಅಮ್ಮನನ್ನು ಬಾಗಿಲಲ್ಲೇ ಇಳಿಸಿ, ಕಾರನ್ನು ಹಿಂದಿನ ಬೀದಿಯ ಗ್ಯಾರೇಜಿಗೆ ಹಾಕಿ ಬನ್ನಿ. ಅಲ್ಲಿಂದ ನಡೆಯುವ ದಾರಿ ಇಳಿಜಾರು, ಮಂಡಿನೋವಿನವರಿಗೆ ಬೇಡ. ಜುಲೈ ಆದರೂ ಎಲ್ಲರಿಗೂ ಸ್ವೆಟರ್ ಇರಲಿ. ಒಳನಾಡು ಬಿಸಿಲಿಗೆ ಕಾದಷ್ಟೂ ಕಡಲ ಮಂಜು ದಡಕ್ಕೆ ಎಳೆದುಕೊಂಡು ಬರುತ್ತದೆ.

ಒಳಗೆ ಹೋದೊಡನೆ ಅಂದಿನ ಆಹಾರ ಕೊಡುವ ಸಮಯ ನೋಡಿಕೊಳ್ಳಿ. ಕಡಲ ನೀರುನಾಯಿಗಳ ಮುಂದೆ ಇಪ್ಪತ್ತು ನಿಮಿಷ ಮೊದಲೇ ಕೂರದಿದ್ದರೆ ಮಗಳಿಗೆ ಕಾಣುವುದು ಬೇರೆಯವರ ಬೆನ್ನು ಮಾತ್ರ. ಅವು ಸದಾ ಮೈ ಉಜ್ಜಿಕೊಳ್ಳುತ್ತಿರುತ್ತವೆ. ಕಜ್ಜಿಯಲ್ಲ. ಅವಕ್ಕೆ ತಿಮಿಂಗಿಲದಂಥ ಕೊಬ್ಬಿನ ಪದರವಿಲ್ಲ. ಒತ್ತೊತ್ತಾದ ತುಪ್ಪಳದಲ್ಲಿ ಗಾಳಿ ಹಿಡಿದಿಟ್ಟುಕೊಂಡೇ ಚಳಿ ತಡೆಯಬೇಕು. ತುಪ್ಪಳ ಕೊಳೆಯಾದರೆ ಗಾಳಿ ನಿಲ್ಲದು. ಹಂಪಿಯ ಬಳಿ ತುಂಗಭದ್ರೆಯ ನೀರುನಾಯಿ ಇದರ ನೆಂಟ, ಆದರೆ ಸಿಹಿನೀರಿನದು.

ಕೆಲ್ಪ್ ಎಂಬ ಎತ್ತರದ ಕಡಲಪಾಚಿಯ ಕಾಡನ್ನು ನಡುಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. 28 ಅಡಿ ಎತ್ತರದ ಈ ತೊಟ್ಟಿಗೆ ಮೇಲೆ ಮುಚ್ಚಳವಿಲ್ಲ, ಸೂರ್ಯ ನೆತ್ತಿಗೆ ಬಂದಾಗ ಬೆಳಕು ಎಲೆಗಳ ನಡುವೆ ಕೋಲುಕೋಲಾಗಿ ಇಳಿಯುತ್ತದೆ. ಕೆಲ್ಪ್ ಅಲುಗಾಡದಿದ್ದರೆ ಬದುಕದು, ಅದಕ್ಕೇ ಯಂತ್ರವೊಂದು ಅಲೆ ಎಬ್ಬಿಸುತ್ತಲೇ ಇರುತ್ತದೆ. ಹಗಲು ಸೋಸಿದ ನೀರು, ರಾತ್ರಿ ಕೊಲ್ಲಿಯ ಸೋಸದ ನೀರು. ಹೀಗಾಗಿ ನೋಡುವವರಿಗೆ ಗಾಜು ತಿಳಿ, ಒಳಗಿನ ಜೀವಿಗಳಿಗೆ ಊಟ.

ಓಪನ್ ಸೀ, ಅಂದರೆ ತೆರೆದ ಕಡಲಿನ ಜೀವಿಗಳ ತೊಟ್ಟಿ, ಸುಮಾರು 45 ಲಕ್ಷ ಲೀಟರಿನದು. ಅಲ್ಲಿ ಸಾರ್ಡೀನ್ ಹಿಂಡು ಬೆಳ್ಳಿಯ ಹೊಳೆಯಂತೆ ಸುಳಿಯುತ್ತದೆ. ಕರಾವಳಿಯವರು ‘ಇದು ಬೂತಾಯಿ ಅಲ್ವಾ?’ ಎನ್ನುವುದು ಖಂಡಿತ, ಹತ್ತಿರದ ಸಂಬಂಧಿಯೇ. ಈ ಕಟ್ಟಡದ ಜಾಗದಲ್ಲಿ ಮೊದಲಿದ್ದದ್ದೂ ಸಾರ್ಡೀನ್ ಡಬ್ಬಿ ಕಾರ್ಖಾನೆ. ಮೀನು ಮುಗಿದು ಬೀದಿಯೇ ಪಾಳುಬಿದ್ದ ಮೇಲೆ, 1984ರಲ್ಲಿ ಅಕ್ವೇರಿಯಂ ತೆರೆಯಿತು.

ಮುಟ್ಟುವ ಕೊಳದಲ್ಲಿ ಕೈ ಒದ್ದೆ ಮಾಡಿಕೊಂಡು ಎರಡೇ ಬೆರಳಲ್ಲಿ ಸವರಬೇಕು. ತೋಳು ಮಡಚುವ ಅಂಗಿ ಹಾಕಿಸಿ, ಇನ್ನೊಂದು ಜೊತೆ ಬಟ್ಟೆ ಚೀಲದಲ್ಲಿರಲಿ.

ಊಟಕ್ಕೆ ಕೈಗೆ ಮುದ್ರೆ ಹಾಕಿಸಿಕೊಂಡು ಹೊರಬಂದು ಮತ್ತೆ ಒಳಹೋಗಬಹುದು. ಮನೆಯ ಚಿತ್ರಾನ್ನ, ಮೊಸರನ್ನಕ್ಕೆ ಬೀದಿಯ ಇನ್ನೊಂದು ತುದಿಯ ಸ್ಯಾನ್ ಕಾರ್ಲೋಸ್ ಬೀಚಿನ ಹುಲ್ಲುಹಾಸು ಚೆನ್ನ. ಡಬ್ಬಿ ತೆರೆದಿಟ್ಟು ಅತ್ತ ತಿರುಗಬೇಡಿ, ಕಡಲಹಕ್ಕಿಗಳು ನಮ್ಮೂರ ದೇವಸ್ಥಾನದ ಕೋತಿಗಳಿಗೆ ಏನೂ ಕಮ್ಮಿಯಿಲ್ಲ.

ಜೆಲ್ಲಿಮೀನಿನ ಕತ್ತಲೆಯ ಕೋಣೆ ಕೊನೆಗಿರಲಿ, ಅಷ್ಟು ಹೊತ್ತಿಗೆ ಜನ ಕರಗಿರುತ್ತಾರೆ. ಅಮ್ಮನ ಕೈ ಹಿಡಿದು ಬಾಗಿಲಲ್ಲಿ ಒಂದು ನಿಮಿಷ ನಿಲ್ಲಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಫೋನಿನ ಫ್ಲ್ಯಾಶ್ ಆರಿಸಿಡಿ. ಹಚ್ಚಿದರೆ ಚಿತ್ರದಲ್ಲಿ ಬರುವುದು ಗಾಜಿನ ಮೇಲಿನ ಬಿಳಿ ಚುಕ್ಕೆಯೊಂದೇ.