ಟರ್ಕರು ದಾರಿ ಮುಚ್ಚಿದ್ದಕ್ಕೇ ಪೋರ್ಚುಗೀಸರು ಹಡಗು ಹತ್ತಿದರೇ?

ಪ್ರಶ್ನೆ: 1453ರಲ್ಲಿ ಅಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದು ವ್ಯಾಪಾರದ ದಾರಿ ಮುಚ್ಚಿದ್ದರಿಂದ ಯುರೋಪಿಯನ್ನರು ಭಾರತಕ್ಕೆ ಜಲಮಾರ್ಗ ಹುಡುಕಿದರು ಎಂದು ಶಾಲೆಯಲ್ಲಿ ಓದಿದ್ದೇವೆ. ನಿಜವೇ?

ಉತ್ತರ: ಇಸವಿಗಳೇ ಇದಕ್ಕೆ ತಾಳೆಯಾಗುವುದಿಲ್ಲ. ಪೋರ್ಚುಗೀಸರು ಉತ್ತರ ಆಫ್ರಿಕಾದ ಸ್ಯೂಟಾ ಪಟ್ಟಣ ಗೆದ್ದದ್ದು 1415ರಲ್ಲಿ. ನಾವಿಕರು ಹೆದರಿ ಹಿಂದಿರುಗುತ್ತಿದ್ದ ಪಶ್ಚಿಮ ಆಫ್ರಿಕಾದ ಕರಾವಳಿಯ ಬೊಜಡೋರ್ ಭೂಶಿರವನ್ನು ಗಿಲ್ ಎಯಾನೆಸ್ ದಾಟಿದ್ದು 1434ರಲ್ಲಿ. ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಪೋರ್ಚುಗಲ್‌ನ ಲಾಗೋಸ್ ಬಂದರಿನಲ್ಲಿ ಗುಲಾಮರಾಗಿ ಹಂಚಿಕೊಂಡದ್ದು 1444ರಲ್ಲಿ. ಕಾನ್‌ಸ್ಟಾಂಟಿನೋಪಲ್ ಆಗಿನ್ನೂ ಬಿದ್ದಿರಲಿಲ್ಲ.

ಮೆಣಸಿನ ಲೆಕ್ಕವೂ ಬೇರೆಯೇ. ಮಲಬಾರಿನ ಮೆಣಸು ಯುರೋಪಿಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಕೆಂಪು ಸಮುದ್ರ, ಈಜಿಪ್ಟ್, ಅಲೆಕ್ಸಾಂಡ್ರಿಯಾ, ವೆನಿಸ್ ದಾರಿಯಲ್ಲಿ. ಈಜಿಪ್ಟ್ ಮಾಮ್ಲೂಕ್ ಸುಲ್ತಾನರ ಕೈಯಲ್ಲಿತ್ತು. ಅಟೋಮನ್ನರು ಅದನ್ನು ಗೆದ್ದದ್ದು 1517ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿ 19 ವರ್ಷವಾದ ಮೇಲೆ! ದಾರಿ ತೆರೆದೇ ಇತ್ತು. ಸುಂಕ ಕೈರೋದವರಿಗೆ, ಲಾಭ ವೆನಿಸಿನವರಿಗೆ. ಪೋರ್ಚುಗಲ್‌ಗೆ ಅದರಲ್ಲಿ ಪಾಲಿರಲಿಲ್ಲ. ಹೊಟ್ಟೆಕಿಚ್ಚೂ ಚರಿತ್ರೆಯಲ್ಲಿ ಒಂದು ಕಾರಣವೇ, ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಗುವುದಿಲ್ಲ ಅಷ್ಟೆ. ಹಾಗೆಂದು 1453ಕ್ಕೆ ಬೆಲೆಯೇ ಇಲ್ಲವೆಂದಲ್ಲ: ಕಪ್ಪು ಸಮುದ್ರದ ವ್ಯಾಪಾರ ಕೈತಪ್ಪುತ್ತ ಬಂದಂತೆ ಇಟಲಿಯ ಜಿನೋವಾದ ಹಣವಂತರು, ನಾವಿಕರು ಪಶ್ಚಿಮದ ಕಡಲಿನತ್ತ ಇನ್ನಷ್ಟು ತಿರುಗಿದರು.

ಪೋರ್ಚುಗೀಸರಿಗೆ ಮೊದಲು ಬೇಕಾಗಿದ್ದದ್ದು ಸಹರಾ ದಾಟಿ ಒಂಟೆಗಳ ಮೇಲೆ ಬರುತ್ತಿದ್ದ ಆಫ್ರಿಕಾದ ಚಿನ್ನ. ಅದಕ್ಕಾಗಿಯೇ 1482ರಲ್ಲಿ ಪಶ್ಚಿಮ ಆಫ್ರಿಕಾದ ಕರಾವಳಿಯ ಎಲ್ಮಿನಾದಲ್ಲಿ ಕೋಟೆ ಕಟ್ಟಿದರು. ಚಿನ್ನ, ಗುಲಾಮರ ಮಾರಾಟದಿಂದ ಬಂದ ಹಣವೇ ಮುಂದಿನ ಯಾನಗಳಿಗೆ ಬಂಡವಾಳವಾಯಿತು. ಜೊತೆಗೆ ಧರ್ಮ. ಮುಸ್ಲಿಂ ರಾಜ್ಯಗಳ ಆಚೆ ಎಲ್ಲೋ ಪ್ರೆಸ್ಟರ್ ಜಾನ್ ಎಂಬ ಕ್ರೈಸ್ತ ದೊರೆ ಇದ್ದಾನೆ, ಅವನ ಸ್ನೇಹ ಸಿಕ್ಕರೆ ಇಬ್ಬದಿಯಿಂದಲೂ ಯುದ್ಧ ಹೂಡಬಹುದು ಎಂಬ ಆಸೆ ಅವರಿಗೆ ನಿಜವಾಗಿಯೂ ಇತ್ತು.

1498ರ ಮೇ ತಿಂಗಳಲ್ಲಿ ಗಾಮ ಕಲ್ಲಿಕೋಟೆಯಲ್ಲಿ ಮೊದಲು ದಡಕ್ಕಿಳಿಸಿದ್ದು ಹಡಗಿನಲ್ಲಿದ್ದ ಒಬ್ಬ ಶಿಕ್ಷಿತ ಅಪರಾಧಿಯನ್ನು. ಅವನಿಗೆ ಎದುರಾದ ಟ್ಯುನಿಸ್‌ನ ಇಬ್ಬರು ಮುಸ್ಲಿಮರು ಸ್ಪೇನಿನ ಭಾಷೆಯಲ್ಲೇ ಶಪಿಸಿ, ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದರು. ಕ್ರೈಸ್ತರನ್ನೂ ಸಾಂಬಾರ ಪದಾರ್ಥಗಳನ್ನೂ ಹುಡುಕಿಕೊಂಡು ಬಂದೆವು ಎಂದು ಉತ್ತರ ಸಿಕ್ಕಿತಂತೆ. ಆ ಯಾನದ ದಿನಚರಿಯಲ್ಲೇ ಇದೆ. ಕಲ್ಲಿಕೋಟೆಯ ದೊರೆ ಜಾಮೋರಿನ್‌ಗೆ ಕೊಡಲು ತಂದ ಉಡುಗೊರೆಗಳೋ? ಆರು ಹ್ಯಾಟು, ಕೈತೊಳೆಯುವ ಆರು ಬೋಗುಣಿ, ಒಂದಿಷ್ಟು ಬಟ್ಟೆ, ಹವಳ, ಸಕ್ಕರೆ, ಎಣ್ಣೆ, ಜೇನುತುಪ್ಪ. ಅರಮನೆಯ ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕಾದ ಬಡ ವರ್ತಕನೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದರು.

ವ್ಯಾಪಾರಕ್ಕೆ ಬಂದವರು ವಸಾಹತು ಕಟ್ಟಿದ್ದು ಏಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ ಎನ್ನುವುದು ನನ್ನ ಅಭಿಪ್ರಾಯ. ಇಲ್ಲಿಯವರು ಮೆಚ್ಚುವ ಸರಕು ಅವರ ಬಳಿ ಇರಲಿಲ್ಲ, ಹಡಗಿನ ಮೇಲೆ ಫಿರಂಗಿಗಳಿದ್ದವು. ಕೆಲವೇ ವರ್ಷಗಳಲ್ಲಿ ಈ ಕಡಲಿನ ಹಡಗುಗಳು ಪೋರ್ಚುಗೀಸರಿಂದ ಕಾರ್ತಾಜ್ ಎಂಬ ರಹದಾರಿ ಪಡೆಯಬೇಕಾಯಿತು. ಇಲ್ಲದಿದ್ದರೆ ಸರಕಿನ ಸಮೇತ ಜಪ್ತಿ. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೋವಾ ಹಿಡಿದಾಗ ಹೊನ್ನಾವರದ ನೌಕಾ ಮುಖಂಡ ತಿಮೋಜ ಅವನ ಜೊತೆಗಿದ್ದ.

ಇಷ್ಟು ಮಾಡಿಯೂ ಹಳೆಯ ದಾರಿ ಅವರಿಗೆ ಪೂರ್ತಿ ದಕ್ಕಲಿಲ್ಲ. 16ನೇ ಶತಮಾನದ ಮಧ್ಯದ ಹೊತ್ತಿಗೆ ಅಲೆಕ್ಸಾಂಡ್ರಿಯಾದಿಂದ ವೆನಿಸಿಗೆ ಮೆಣಸು ಮತ್ತೆ ಧಾರಾಳವಾಗಿ ಹೋಗುತ್ತಿತ್ತು. ಆಗ ಈಜಿಪ್ಟನ್ನು ಆಳುತ್ತಿದ್ದವರು ಅದೇ ಅಟೋಮನ್ ಟರ್ಕರು.