ಇಎನ್ 24: ಹೆಸರಿನ ಜೊತೆ ಬರಬೇಕಾದ ಒಂದು ಅಕ್ಷರ

ಪೀಣ್ಯದ ಯಾವ ಮಷಿನ್ ಶಾಪಿಗೆ ಹೋದರೂ ಇಎನ್ 8, ಇಎನ್ 24, ಇಎನ್ 31 ಅನ್ನೋ ಉಕ್ಕಿನ ದರ್ಜೆಗಳ ಹೆಸರು ಕಿವಿಗೆ ಬೀಳುತ್ತದೆ. ಈ ಹೆಸರಿಟ್ಟ ಬ್ರಿಟನ್ನೇ ಅವನ್ನು ಬದಲಾಯಿಸಿ ಐವತ್ತು ವರ್ಷ ಆಯಿತು. ನಮ್ಮಲ್ಲಿ ಡ್ರಾಯಿಂಗ್‌ನಲ್ಲೂ ಬಿಲ್‌ನಲ್ಲೂ ಈಗಲೂ ಅವೇ ಇವೆ. ಅದೇನೂ ತಪ್ಪಲ್ಲ. ಆದರೆ ಶಾಫ್ಟ್ ಮುರಿದಾಗಲೆಲ್ಲ 'ಮಟೀರಿಯಲ್ ಡೂಪ್ಲಿಕೇಟ್' ಅಂತ ಜಗಳ ಏಳುತ್ತದಲ್ವಾ, ಅಂಥ ಕಡೆ ಮಟೀರಿಯಲ್ ಸರಿಯಾಗಿದ್ದೂ ಆರ್ಡರ್ ಅರ್ಧಂಬರ್ಧ ಬರೆದಿರುವುದು ಉಂಟು.

ಇಎನ್ 24ರ ಕಥೆ ನಿಕಲ್‌ನಿಂದ ಶುರುವಾಗುತ್ತದೆ. 1889ರಲ್ಲಿ ಜೇಮ್ಸ್ ರೈಲಿ ಎಂಬ ಸ್ಕಾಟ್ಲೆಂಡಿನ ಉಕ್ಕು ತಯಾರಕ, ಉಕ್ಕಿಗೆ ನಿಕಲ್ ಬೆರೆಸಿದರೆ ಬಲವೂ ಹೆಚ್ಚುತ್ತದೆ, ಬಾಗುವ ಗುಣವೂ ಉಳಿಯುತ್ತದೆ ಅಂತ ತೋರಿಸಿಕೊಟ್ಟ. ಯುದ್ಧನೌಕೆ ಕಟ್ಟುವವರಿಗೆ ಇದಕ್ಕಿಂತ ಬೇರೆ ಇನ್ನೇನು ಬೇಕಿತ್ತು? ಜರ್ಮನಿಯ ಕ್ರುಪ್ ಕಂಪನಿ ಜೊತೆಗೆ ಕ್ರೋಮಿಯಮ್ ಸೇರಿಸಿತು. ಕ್ರೋಮಿಯಮ್ ಇದ್ದರೆ ದಪ್ಪ ಲೋಹ ಒಳಗಿನ ತನಕ ಗಟ್ಟಿಯಾಗುತ್ತದೆ.

ಆದರೆ ಈ ನಿಕಲ್–ಕ್ರೋಮ್ ಉಕ್ಕಿಗೆ ಒಂದು ಕೆಟ್ಟ ಖಾಯಿಲೆ ಇತ್ತು. ಹಾರ್ಡನಿಂಗ್ (ಕೆಂಪಗೆ ಕಾಯಿಸಿ, ಎಣ್ಣೆಗೋ ನೀರಿಗೋ ಅದ್ದಿ ಗಟ್ಟಿ ಮಾಡುವುದು) ಆದ ಮೇಲೆ ಮತ್ತೆ ಕಾಯಿಸಿ ಟೆಂಪರ್ ಮಾಡುತ್ತಾರೆ, ಆಮೇಲೆ ತಣಿಯಲು ಬಿಡುತ್ತಾರೆ. ಭಾರೀ ಫೋರ್ಜಿಂಗ್, ಅಂದರೆ ಬಿಸಿಯಲ್ಲಿ ಬಡಿದು ಮಾಡಿದ ದೊಡ್ಡ ತುಂಡು, ಬೇಗ ತಣಿಯುವುದಿಲ್ಲ. ಸುಮಾರು 575ರಿಂದ 375 ಡಿಗ್ರಿ ಸೆಲ್ಸಿಯಸ್ ನಡುವೆ ಅದು ನಿಧಾನವಾಗಿ ಇಳಿಯುತ್ತಿದ್ದರೆ, ಉಕ್ಕಿನಲ್ಲಿ ಚೂರುಪಾರು ಇರುವ ರಂಜಕ, ತವರ, ಆಂಟಿಮನಿಯಂಥವು ಲೋಹದ ಕಣಗಳು ಒಂದಕ್ಕೊಂದು ಸೇರುವ ಗಡಿಗಳಲ್ಲಿ ಬಂದು ಕೂರುತ್ತವೆ, ಅಲ್ಲಿಗೆ ಆ ಗಡಿಗಳೇ ದುರ್ಬಲ. ಎಳೆದು ಪರೀಕ್ಷಿಸಿದರೆ ಏನೂ ಗೊತ್ತಾಗುವುದಿಲ್ಲ. ತುಂಡಿಗೆ ಗೀಟು ಹಾಕಿ, ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಟೆಸ್ಟ್ ಮಾಡಿದರೆ ಮಾತ್ರ ಪಟ್ ಅಂತ ಮುರಿಯುತ್ತದೆ. ಇದಕ್ಕೆ 'ಕ್ರುಪ್ ರೋಗ' ಅಂತಲೇ ಹೆಸರು ಬಿತ್ತು. ಮದ್ದಾಗಿ ಬಂದದ್ದು ಮಾಲಿಬ್ಡಿನಮ್, ಅದೂ ಬರೀ ಶೇಕಡಾ 0.25ರಷ್ಟು. ನನ್ನ ಮಟ್ಟಿಗೆ ಇಡೀ ಇತಿಹಾಸದಲ್ಲಿ ಇದೇ ದೊಡ್ಡ ತಿರುವು. ಇಷ್ಟು ಕಡಿಮೆ ವಸ್ತುವಿನಿಂದ ಇಷ್ಟು ದೊಡ್ಡ ಕೆಲಸ ಆಗಿದ್ದು ಅಪರೂಪ.

ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ಉಕ್ಕಿನ ದರ್ಜೆಗಳು ಅತಿಯಾಗಿದ್ದವು. ಯುದ್ಧದ ಅವಸರಕ್ಕೆ ಅವನ್ನೆಲ್ಲ ಸೋಸಿ ಬಿಎಸ್ 970 ಎಂಬ ಚಿಕ್ಕ ಪಟ್ಟಿ ಮಾಡಿದರು. ರೋಲ್ ಮಾಡಿದ, ಫೋರ್ಜ್ ಮಾಡಿದ ಉಕ್ಕುಗಳಿಗೆ ಇಎನ್ ನಂಬರ್ ಬಂದದ್ದು ಹೀಗೆ. ಈಗಿನ ಯುರೋಪಿಯನ್ ಸ್ಟ್ಯಾಂಡರ್ಡ್‌ಗಳ ಮುಂದೆ ಬರುವ ಇಎನ್‌ಗೂ ಇದಕ್ಕೂ ಸಂಬಂಧವಿಲ್ಲ. 1970ರ ನಂತರ ಇಎನ್ 24 ಹೋಗಿ 817ಎಂ40 ಬಂತು. ಕೊನೆಯ 40 ಅಂದರೆ ಶೇಕಡಾ 0.40 ಇಂಗಾಲ. ಭಾರತೀಯ ಹೆಸರು 40ಎನ್‌ಐ6ಸಿಆರ್4ಎಂಒ3. ಲೇತ್ ಮುಂದೆ ನಿಂತು ಇಷ್ಟುದ್ದ ಹೆಸರು ಯಾರು ಹೇಳುತ್ತಾರೆ?

ಇದರೊಳಗೆ ಇರುವುದು ಇಷ್ಟು: ಇಂಗಾಲ ಶೇಕಡಾ 0.36–0.44, ನಿಕಲ್ 1.3–1.7, ಕ್ರೋಮಿಯಮ್ 1.0–1.4, ಮಾಲಿಬ್ಡಿನಮ್ 0.20–0.35, ಮ್ಯಾಂಗನೀಸ್ 0.45–0.70, ಒಂಚೂರು ಸಿಲಿಕಾನ್. ಮಿಕ್ಕಿದ್ದೆಲ್ಲ ಕಬ್ಬಿಣ. ಎಣ್ಣೆಯಲ್ಲಿ ಅದ್ದಿದರೂ ಸಾಕಷ್ಟು ದಪ್ಪದವರೆಗೆ ಗಟ್ಟಿಯಾಗುತ್ತದೆ. ಇಎನ್ 8 ಬರೀ ಇಂಗಾಲದ ಉಕ್ಕು, ಅದರ ದಪ್ಪ ರಾಡ್ ಹಾರ್ಡನ್ ಮಾಡಿದರೆ ಹೊರಗಿನ ಪದರ ಮಾತ್ರ ಗಟ್ಟಿ.

ಇನ್ನು ಆ ಅಕ್ಷರದ ವಿಷಯ. ಒಂದೇ ಇಎನ್ 24 ಬಾರನ್ನು ಬೇರೆ ಬೇರೆ ಬಿಸಿಗೆ ಟೆಂಪರ್ ಮಾಡಿದರೆ ಬೇರೆ ಬೇರೆ ಬಲ ಬರುತ್ತದೆ. ಅದನ್ನು ಟಿ ಇಂದ ಝಡ್ ವರೆಗೆ ಅಕ್ಷರಗಳಲ್ಲಿ ಗುರುತಿಸುತ್ತಾರೆ. ಟಿ ಆದರೆ ಪ್ರತಿ ಚದರ ಮಿಲಿಮೀಟರಿಗೆ 850–1000 ನ್ಯೂಟನ್ ಎಳೆತ ತಡೆಯುತ್ತದೆ, ಗಟ್ಟಿತನ 248–302 ಬ್ರಿನೆಲ್, ಮುರಿಯುವ ಮುಂಚೆ ಕನಿಷ್ಠ ಶೇಕಡಾ 13 ಹಿಗ್ಗುತ್ತದೆ. ಝಡ್ ಆದರೆ 1550 ನ್ಯೂಟನ್, ಹಿಗ್ಗುವುದು ಬರೀ ಶೇಕಡಾ 5, ಅದೂ ಸುಮಾರು 30 ಮಿಲಿಮೀಟರ್ ದಪ್ಪದ ಒಳಗೆ ಮಾತ್ರ ಸಿಗುತ್ತದೆ. ರಾಸಾಯನಿಕ ಪರೀಕ್ಷೆಯಲ್ಲಿ ಎರಡೂ ಒಂದೇ, ಆದರೆ ಕೆಲಸದಲ್ಲಿ ಅಜಗಜಾಂತರ.

ಟಿ ಸ್ಥಿತಿಯಲ್ಲೇ ಕೊಂಡರೆ ಕಾರ್ಬೈಡ್ ಇನ್ಸರ್ಟ್ ಹಾಕಿ ನೇರ ಅಳತೆಗೆ ಟರ್ನಿಂಗ್ ಮಾಡಬಹುದು, ಮತ್ತೆ ಕಾಯಿಸಿ ಬೆಂಡಾಗುವ ಭಯ ಇಲ್ಲ. ರೋಲ್ ಆಗಿ ಬಂದ ಕಪ್ಪು ಬಾರ್ ಆದರೆ ಮೇಲಿನ ಸಿಪ್ಪೆಯಲ್ಲಿ ಇಂಗಾಲ ಸುಟ್ಟುಹೋಗಿರುತ್ತದೆ. ಆ ಪದರ ತೆಗೆಯದೆ ಬಿಟ್ಟರೆ ತಿರುಗುವ ಶಾಫ್ಟಿನಲ್ಲಿ ಬಿರುಕು ಅಲ್ಲಿಂದಲೇ ಶುರುವಾಗಬಹುದು, ಹಾಗಾಗಿ ಮುಗಿದ ಅಳತೆಗಿಂತ ಒಂದಿಷ್ಟು ದಪ್ಪನೆಯ ಬಾರೇ ತರಿಸಬೇಕು.

'4340 ಇದೆ, ಎರಡೂ ಒಂದೇ' ಅಂತ ಅಂಗಡಿಯಲ್ಲಿ ಹೇಳುವುದುಂಟು. ಅಮೆರಿಕದ 4340ರಲ್ಲಿ ನಿಕಲ್ 1.65–2.00, ಕ್ರೋಮಿಯಮ್ 0.70–0.90. ಹತ್ತಿರದ ನೆಂಟ ಹೌದು, ಎಷ್ಟೋ ಕೆಲಸಕ್ಕೆ ನಡೆಯುತ್ತದೆ ಕೂಡ. ಆದರೆ ಹೀಟ್ ಟ್ರೀಟ್‌ಮೆಂಟಿಗೆ ಕಳಿಸುವಾಗ ಯಾವುದು ಅಂತ ಅವರಿಗೆ ಹೇಳಲೇಬೇಕು. ಆರ್ಡರ್ ಬರೆಯುವಾಗ ಸುಮ್ನೆ 'ಇಎನ್ 24' ಅಂತ ಬರೆಯಬೇಡಿ. 'ಇಎನ್ 24ಟಿ', ಬಾರಿನ ದಪ್ಪ, ಬೇಕಾದ ಬ್ರಿನೆಲ್ ಇಷ್ಟೂ ಬರೆಯಿರಿ. ಮಾಲ್ ಬಂದಾಗ ಟೆಸ್ಟ್ ಸರ್ಟಿಫಿಕೇಟಿನ ಹೀಟ್ ನಂಬರ್ (ಒಟ್ಟಿಗೆ ಕರಗಿಸಿದ ಉಕ್ಕಿನ ಗುರುತು) ಬಾರಿನ ಮೇಲಿನ ನಂಬರಿಗೆ ತಾಳೆ ಆಗುತ್ತದಾ ನೋಡಿ, ಮಾಲಿಬ್ಡಿನಮ್ ಸಾಲಿನಲ್ಲಿ 0.20ಕ್ಕಿಂತ ಕಡಿಮೆ ಇದ್ದರೆ ಇಳಿಸಿಕೊಳ್ಳಬೇಡಿ.