ವಜ್ರದ ನಾಡಿನಲ್ಲಿ ಅಕ್ಕಿಗೆ ಬರ ಏಕೆ?

ಓದುಗರ ಪ್ರಶ್ನೆ: ಆಫ್ರಿಕಾದ ಎಷ್ಟೋ ದೇಶಗಳ ನೆಲದಡಿ ವಜ್ರ, ಚಿನ್ನ, ತೈಲ ಬೇಕಾದಷ್ಟಿದೆ ಎನ್ನುತ್ತಾರೆ. ಹಾಗಿದ್ದೂ ಅಲ್ಲಿನ ಜನ ಏಕೆ ಬಡವರಾಗಿಯೇ ಉಳಿದಿದ್ದಾರೆ? ನೆಲದಲ್ಲಿ ಸಂಪತ್ತು ಇರುವುದೇ ಶಾಪವೇ?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನೂ ಜೊತೆಗೇ ಇಟ್ಟುಕೊಂಡಿರುತ್ತಾರೆ. ಬಿಳಿಯರು ದೋಚಿಕೊಂಡು ಹೋದರು ಎಂಬುದು ಒಂದು. ಅಲ್ಲಿನ ನಾಯಕರೆಲ್ಲ ಕಳ್ಳರು ಎಂಬುದು ಇನ್ನೊಂದು. ಮೂರನೆಯದನ್ನು ಸ್ವಲ್ಪ ದನಿ ತಗ್ಗಿಸಿ ಹೇಳುತ್ತಾರೆ: ಅಲ್ಲಿನವರಿಗೆ ಮೈ ಬಗ್ಗುವುದಿಲ್ಲ. ಮೊದಲ ಎರಡರಲ್ಲಿ ಹುರುಳಿದೆ, ಆದರೆ ಅಷ್ಟಕ್ಕೇ ಕಥೆ ಮುಗಿಯುವುದಿಲ್ಲ. ಮೂರನೆಯದನ್ನು ಹೇಳುವವರು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದ ಕೋನೋ ಜಿಲ್ಲೆಯಲ್ಲಿ ವಜ್ರ ಹುಡುಕುವವರ ಒಂದು ದಿನವನ್ನು ನೋಡಬೇಕು.

ಬೆಳಗಿನಿಂದ ಸಂಜೆಯವರೆಗೆ ಕೆಸರು ನೀರಿನಲ್ಲಿ ನಿಂತು ಮಾಡುವ ಕೆಲಸ ಅದು. ಒಬ್ಬ ಗುಂಡಿಯಿಂದ ಜಲ್ಲಿ ಬೆರೆತ ಮಣ್ಣನ್ನು ಸನಿಕೆಯಲ್ಲಿ ಎತ್ತಿ ಹಾಕುತ್ತಾನೆ. ಇನ್ನೊಬ್ಬ ದುಂಡನೆಯ ಜರಡಿಯನ್ನು ನೀರಿಗೆ ಅದ್ದಿ, ಸೊಂಟ ಬಗ್ಗಿಸಿಕೊಂಡೇ ಗಿರಗಿರನೆ ತಿರುಗಿಸುತ್ತಾನೆ. ಹಗುರ ಕಲ್ಲು ಅಂಚಿಗೆ ಸರಿಯುತ್ತದೆ, ಭಾರದ್ದು ನಡುವೆ ಬಂದು ಕೂಡಿಕೊಳ್ಳುತ್ತದೆ. ಆ ನಡುವಿನ ಹಿಡಿ ಕಲ್ಲನ್ನು ಬೆರಳಿನಿಂದ ಕೆದಕಿ ನೋಡಬೇಕು. ಬಹುಪಾಲು ದಿನ ಅಲ್ಲಿ ಏನೂ ಇರುವುದಿಲ್ಲ. ಕೂಲಿಯೆಂದು ಸಿಗುವುದು ಒಂದೆರಡು ಲೋಟ ಅಕ್ಕಿ, ಜೊತೆಗೆ ಅಷ್ಟಿಷ್ಟು ಚಿಲ್ಲರೆ. ಸನಿಕೆ, ಜರಡಿ, ಅಕ್ಕಿ ಎಲ್ಲವನ್ನೂ ಒದಗಿಸಿದ ಸಾಹುಕಾರನಿಗೇ ಸಿಕ್ಕ ಹರಳನ್ನು ಕೊಡಬೇಕು. ಅದರ ಬೆಲೆಯನ್ನು ಹೇಳುವವನೂ ಅವನೇ. ಈ ವ್ಯಾಪಾರ ಹೇಗೆ ಮುಗಿಯುತ್ತದೆಂದು ಮಂಡಿಗೆ ಟೊಮೆಟೊ ಹೊತ್ತು ಹೋದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ವಜ್ರವೇ ಶಾಪವೇ? ಇಲ್ಲಿ ಇನ್ನೊಂದು ದೇಶವನ್ನು ಪಕ್ಕಕ್ಕಿಟ್ಟು ನೋಡಬೇಕು: ದಕ್ಷಿಣ ಆಫ್ರಿಕಾದ ನೆತ್ತಿಯ ಮೇಲಿರುವ ಬೋಟ್ಸ್ವಾನಾ. ಅದರ ಬಹುಭಾಗ ಕಲಹಾರಿ ಮರಳುಗಾಡು. ಸಮುದ್ರವಿಲ್ಲ. 1966ರ ಸೆಪ್ಟೆಂಬರ್ 30ರಂದು ಬ್ರಿಟಿಷರಿಂದ ಸ್ವತಂತ್ರವಾದಾಗ ಇಡೀ ದೇಶದಲ್ಲಿದ್ದ ಡಾಂಬರು ರಸ್ತೆ 12 ಕಿಲೋಮೀಟರ್. ಪದವೀಧರರು 22 ಮಂದಿ. ಪ್ರೌಢಶಾಲೆ ಮುಗಿಸಿದವರು ನೂರರಷ್ಟು. ಬ್ರಿಟಿಷರಿಗೆ ಈ ನೆಲದ ಬಗ್ಗೆ ಎಷ್ಟು ಅಸಡ್ಡೆಯಿತ್ತೆಂದರೆ, ಅದರ ಆಡಳಿತ ಕಚೇರಿಯನ್ನೇ ಗಡಿಯಾಚೆ, ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಪಟ್ಟಣದಲ್ಲಿ ಇಟ್ಟುಕೊಂಡಿದ್ದರು. ಸ್ವಾತಂತ್ರ್ಯ ಬರುವ ಹೊತ್ತಿಗೆ ರಾಜಧಾನಿಯನ್ನೇ ಹೊಸದಾಗಿ ಕಟ್ಟಬೇಕಾಯಿತು. ಆ ವರ್ಷಗಳಲ್ಲಿ ಬರಗಾಲ ಬೇರೆ. ಸರ್ಕಾರದ ದಿನದ ಖರ್ಚಿಗೂ ಬ್ರಿಟನ್ನಿನ ಅನುದಾನಕ್ಕೆ ಕೈಯೊಡ್ಡುವ ಸ್ಥಿತಿ.

ಅದೇ ಹೊತ್ತಿಗೆ ಸಿಯೆರಾ ಲಿಯೋನ್ ಸ್ವತಂತ್ರವಾಗಿ ಐದು ವರ್ಷ ಕಳೆದಿತ್ತು. ಸಮೃದ್ಧ ಮಳೆ. ರಾಜಧಾನಿ ಫ್ರೀಟೌನ್‌ನಲ್ಲಿ ಹಡಗುಗಳಿಗೆ ಹೇಳಿ ಮಾಡಿಸಿದಂಥ ಸಹಜ ಬಂದರು. 1827ರಲ್ಲೇ ಆರಂಭವಾದ ಫೌರಾ ಬೇ ಕಾಲೇಜಿನಿಂದಾಗಿ ಆ ಊರನ್ನು ಪಶ್ಚಿಮ ಆಫ್ರಿಕಾದ ಅಥೆನ್ಸ್ ಎಂದು ಕರೆಯುತ್ತಿದ್ದರು. ರೈಲು ಹಳಿ ಹಾಕುವ ಕೆಲಸ 1890ರ ದಶಕದಲ್ಲೇ ಶುರುವಾಗಿತ್ತು. 1930ರಿಂದಲೇ ವಜ್ರದ ಸುಳಿವೂ ಸಿಕ್ಕಿತ್ತು. 1966ರಲ್ಲಿ ಯಾರಾದರೂ ಪಣ ಕಟ್ಟುವುದಿದ್ದರೆ ಎಲ್ಲರೂ ಫ್ರೀಟೌನ್ ಕಡೆಗೇ ಕಟ್ಟುತ್ತಿದ್ದರು. ನಾನೂ ಅಷ್ಟೇ.

ಪಣ ಸೋತಿತು. ಮುಂದಿನ ಮೂರು ದಶಕಗಳಲ್ಲಿ ಜಗತ್ತಿನಲ್ಲೇ ಅತಿ ವೇಗವಾಗಿ ಬೆಳೆದ ಆರ್ಥಿಕತೆಗಳ ಸಾಲಿಗೆ ಬೋಟ್ಸ್ವಾನಾ ಸೇರಿತು. ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಮೇಲೆದ್ದು ಹೊರಬಂದ ಮೊದಲ ದೇಶ ಅದೇ, 1994ರಲ್ಲಿ. ಆ ವರ್ಷ ಸಿಯೆರಾ ಲಿಯೋನ್ ಅಂತರ್ಯುದ್ಧದಲ್ಲಿ ಉರಿಯುತ್ತಿತ್ತು. ಎರಡೂ ಕಡೆ ಇದ್ದದ್ದು ಒಂದೇ ವಜ್ರ, ಆಳಿದ್ದು ಒಂದೇ ಬ್ರಿಟನ್.

ವ್ಯತ್ಯಾಸ ಹುಡುಕಲು ನಾನು ಮೊದಲು ನೋಡುವುದು ಬೋಟ್ಸ್ವಾನಾದ ನೂರು ಪುಲಾ ನೋಟನ್ನು. ಪುಲಾ ಎಂದರೆ ಅಲ್ಲಿನ ಸೆಟ್ಸ್ವಾನಾ ಭಾಷೆಯಲ್ಲಿ ಮಳೆ. ಮರಳುಗಾಡಿನ ಜನ ತಮ್ಮ ಹಣಕ್ಕೆ ಇಟ್ಟುಕೊಂಡ ಹೆಸರು. ಆ ನೋಟಿನ ಮೇಲೆ ಮೂವರು ಮುಖಂಡರಿದ್ದಾರೆ: ಮೂರನೆಯ ಖಾಮಾ, ಸೆಬೆಲೆ, ಬತೊಎನ್. ತಮ್ಮ ನೆಲವನ್ನು ಬ್ರಿಟಿಷರು ಗಣಿ ಉದ್ಯಮಿ ಸೆಸಿಲ್ ರೋಡ್ಸ್‌ನ ಕಂಪನಿಯ ಕೈಗೆ ಕೊಡುತ್ತಾರೆಂಬ ಸುದ್ದಿ ತಿಳಿದು, 1895ರಲ್ಲಿ ಈ ಮೂವರೂ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಊರೂರು ಸುತ್ತಿ ಭಾಷಣ ಮಾಡಿದರು, ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್‌ನನ್ನು ಕಂಡರು, ಕಂಪನಿಯ ಆಳ್ವಿಕೆಯನ್ನು ತಪ್ಪಿಸಿಕೊಂಡು ಬಂದರು. ರಾಣಿಯ ನೆರಳಿನಲ್ಲಿ ಇರುವುದು ಅವರಿಗೇನೂ ಹಬ್ಬವಾಗಿರಲಿಲ್ಲ. ಆದರೆ ಮೇಲಿನವರು ಅಸಡ್ಡೆ ಮಾಡಿದ್ದರಿಂದ ಕೆಳಗಿನ ಪದ್ಧತಿಗಳು ಉಳಿದುಕೊಂಡವು.

ಅಂಥ ಪದ್ಧತಿಗಳಲ್ಲಿ ದೊಡ್ಡದು ‘ಕ್ಗೋಟ್ಲಾ’. ನಮ್ಮ ಅರಳಿಕಟ್ಟೆಯ ಪಂಚಾಯಿತಿಯನ್ನು ನೆನೆಸಿಕೊಳ್ಳಿ. ಮರದ ಕಂಬಗಳನ್ನು ಅರ್ಧಚಂದ್ರಾಕಾರವಾಗಿ ನೆಟ್ಟ ಬೇಲಿ, ಒಳಗೆ ಮುಖಂಡ, ಸುತ್ತ ಜನ. ಯಾರು ಬೇಕಾದರೂ ಎದ್ದು ಮುಖಂಡನನ್ನೇ ಬೈಯಬಹುದು. ಅವನು ಮಾತಾಡುವುದು ಕೊನೆಗೆ. ಮುಖಂಡ ಮುಖಂಡನಾಗಿರುವುದು ಜನರಿಂದ ಎಂದು ಅವರಲ್ಲೊಂದು ಗಾದೆಯೇ ಇದೆ. ಹೆಂಗಸರಿಗೆ ಬಹುಕಾಲ ಆ ಬೇಲಿಯೊಳಗೆ ಜಾಗವಿರಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಕಟ್ಟೆಯ ಕಥೆಯೂ ಅದೇ. ಆದರೂ ಲೆಕ್ಕ ಕೇಳುವ ಅಭ್ಯಾಸವಂತೂ ವಜ್ರ ಸಿಗುವುದಕ್ಕೆ ಮೊದಲೇ ಇತ್ತು.

ಈ ‘ಮೊದಲೇ’ ಎಂಬುದರ ಮೇಲೆ ನನ್ನ ಉತ್ತರದ ಪೂರ್ತಿ ಭಾರವಿದೆ. ಖನಿಜದ ಹಕ್ಕು ಆಯಾ ಬುಡಕಟ್ಟಿನದಲ್ಲ, ಇಡೀ ದೇಶದ್ದು ಎಂಬ ಕಾನೂನನ್ನು ಬೋಟ್ಸ್ವಾನಾ 1967ರಲ್ಲೇ ಮಾಡಿಕೊಂಡಿತು. ಒರಾಪಾದಲ್ಲಿ ದೊಡ್ಡ ವಜ್ರದ ನಿಕ್ಷೇಪ ಪತ್ತೆಯಾದದ್ದೂ ಅದೇ ವರ್ಷ. ಗಣಿ ಉತ್ಪಾದನೆ ಆರಂಭಿಸಿದ್ದು 1971ರಲ್ಲಿ. ಒರಾಪಾ ಇದ್ದದ್ದು ಬಾಂಗ್ವಾಟೊ ಜನರ ನೆಲದಲ್ಲಿ. ಆಗಿನ ಅಧ್ಯಕ್ಷ ಸೆರೆಟ್ಸೆ ಖಾಮಾ ಅದೇ ಬಾಂಗ್ವಾಟೊ ರಾಜಮನೆತನದವರು, ನೋಟಿನ ಮೇಲಿನ ಖಾಮಾ ಅವರ ಮೊಮ್ಮಗ. ಇಂಗ್ಲಿಷ್ ಹೆಂಡತಿಯನ್ನು ಕಟ್ಟಿಕೊಂಡರೆಂಬ ಕಾರಣಕ್ಕೆ ಬ್ರಿಟಿಷರು ಅವರನ್ನು ಐದು ವರ್ಷ ಸ್ವಂತ ನೆಲದಿಂದಲೇ ಹೊರಗಿಟ್ಟಿದ್ದರು. ಮನೆತನದ ನೆಲದಲ್ಲಿ ಸಿಕ್ಕ ನಿಧಿ ಮನೆತನದ್ದೇ ಎಂದು ಅವರು ಪಟ್ಟು ಹಿಡಿದಿದ್ದರೆ ಬಹುಶಃ ಈ ಲೇಖನದಲ್ಲಿ ಹೋಲಿಸಲು ನನಗೆ ಎರಡನೆಯ ದೇಶ ಸಿಗುತ್ತಿರಲಿಲ್ಲ.

ಗಣಿ ನಡೆಸುವ ವಜ್ರದ ಕಂಪನಿ ಡಿ ಬಿಯರ್ಸ್‌ನೊಂದಿಗಿನ ಮೊದಲ ಒಪ್ಪಂದದಲ್ಲಿ ಸರ್ಕಾರದ ಪಾಲು ಬರೀ ಶೇ 15. ಹರಳಿನ ಬೆಲೆ, ಗಣಿಯ ಆಳ ಎರಡೂ ತಿಳಿಯುತ್ತಿದ್ದಂತೆ ಮತ್ತೆ ಮಾತುಕತೆಗೆ ಕುಳಿತು 1975ರ ಹೊತ್ತಿಗೆ ಅದನ್ನು ಶೇ 50ಕ್ಕೆ ಏರಿಸಿಕೊಂಡರು. ತೆರಿಗೆ, ರಾಜಧನ, ಲಾಭಾಂಶ ಎಲ್ಲ ಕೂಡಿಸಿದರೆ ಲಾಭದ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸರ್ಕಾರಕ್ಕೆ ಬರತೊಡಗಿತು. ಆ ಹಣ ಶಾಲೆ, ಆಸ್ಪತ್ರೆ, ಕೊಳವೆಬಾವಿ, ರಸ್ತೆಗೆ ಹೋಯಿತು. ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ಖಜಾನೆ ಬಾಗಿಲು ತೆರೆಯುವುದಿಲ್ಲ ಎಂದು ಪಟ್ಟುಹಿಡಿದು ಕುಳಿತ ಹಣಕಾಸು ಮಂತ್ರಿ ಕ್ವೆಟ್ ಮಸೀರೆ ಮುಂದೆ ಅಧ್ಯಕ್ಷರಾದರು, 1998ರಲ್ಲಿ ತಾವಾಗಿಯೇ ಕುರ್ಚಿ ಬಿಟ್ಟರು.

ಸಿಯೆರಾ ಲಿಯೋನ್‌ನಲ್ಲಿ ಲೆಕ್ಕದ ಪುಸ್ತಕ ಶುರುವಿನಿಂದಲೂ ಬೇರೆಯವರ ಕೈಯಲ್ಲಿತ್ತು. 1935ರಲ್ಲಿ ವಸಾಹತು ಸರ್ಕಾರ ಇಡೀ ದೇಶದ ವಜ್ರವನ್ನು ಒಂದೇ ಕಂಪನಿಗೆ 99 ವರ್ಷಕ್ಕೆ ಬರೆದುಕೊಟ್ಟಿತು. ಅಂದಿನಿಂದ ತನ್ನ ಊರಿನ ಹೊಳೆಯಲ್ಲಿ ಜರಡಿ ಹಿಡಿದವನು ಕಾನೂನಿನ ಕಣ್ಣಿಗೆ ಕಳ್ಳ. 1968ರಲ್ಲಿ ಅಧಿಕಾರಕ್ಕೆ ಬಂದ ಸಿಯಾಕಾ ಸ್ಟೀವನ್ಸ್ 1971ರಲ್ಲಿ ಆ ಕಂಪನಿಯ ಶೇ 51 ಪಾಲನ್ನು ರಾಷ್ಟ್ರೀಕರಣ ಮಾಡಿದರು. ಕೇಳಲು ಬೋಟ್ಸ್ವಾನಾ ಮಾಡಿದ್ದಕ್ಕಿಂತ ದಿಟ್ಟ ಹೆಜ್ಜೆ. ಆದರೆ ವಜ್ರದ ವ್ಯವಹಾರ ಹೋಗಿ ಸೇರಿದ್ದು ಅಧ್ಯಕ್ಷರ ಆಪ್ತರ ಕೈಗೆ. 1970ರಲ್ಲಿ ಸರ್ಕಾರಿ ಲೆಕ್ಕಕ್ಕೆ ಸಿಕ್ಕ ವಜ್ರದ ರಫ್ತು 20 ಲಕ್ಷ ಕ್ಯಾರೆಟ್. 1988ರಲ್ಲಿ ಅದು 48 ಸಾವಿರ. ನೆಲದಲ್ಲಿ ವಜ್ರ ತೀರಿರಲಿಲ್ಲ, ಹೊರಗೆ ಹೋಗುವ ದಾರಿ ಬದಲಾಗಿತ್ತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿತು ಎನ್ನುತ್ತೇವಲ್ಲ, ಹಾಗೆ. 1991ರಲ್ಲಿ ಯುದ್ಧ ಶುರುವಾದಾಗ ಬಂಡುಕೋರರು ಕಣ್ಣಿಟ್ಟದ್ದು ಕೋನೋ ಮೇಲೆಯೇ. ಹನ್ನೊಂದು ವರ್ಷ ನಡೆದ ಆ ಯುದ್ಧದಲ್ಲಿ ಜನರ ಕೈಗಳನ್ನೇ ಕಡಿದರು. ಬಂಡುಕೋರರಿಗೆ ನೆರವಾದ ನೆರೆಯ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ ವಿಶೇಷ ನ್ಯಾಯಾಲಯ 50 ವರ್ಷ ಸೆರೆವಾಸ ವಿಧಿಸಿತು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ರಾಜ, ಕೆಟ್ಟ ರಾಜ ಎಂಬ ಅಜ್ಜಿ ಕಥೆಯಾಗುತ್ತದೆ. ನೆಲದ ಗುಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೋಟ್ಸ್ವಾನಾದ ವಜ್ರ ಇರುವುದು ಹಳೆಯ ಜ್ವಾಲಾಮುಖಿಯ ಕೊಳವೆಯೊಳಗೆ, ಕಿಂಬರ್ಲೈಟ್ ಎಂಬ ಬಂಡೆಯಲ್ಲಿ. ಅದನ್ನು ಒಡೆಯಲು ದೈತ್ಯ ಯಂತ್ರ ಬೇಕು, ಕೋಟಿಗಟ್ಟಲೆ ಬಂಡವಾಳ ಬೇಕು. ಗಣಿಯ ಸುತ್ತ ಬೇಲಿ ಹಾಕಿ ಒಂದು ಗೇಟು ಕಾದರೆ ಸಾಕು. ಒರಾಪಾ ಊರಿಗೆ ಕಾಲಿಡಲೂ ಪರವಾನಗಿ ಬೇಕಿತ್ತು. ಸಿಯೆರಾ ಲಿಯೋನ್‌ನಲ್ಲಿ ವಜ್ರವನ್ನು ಹೊಳೆಗಳೇ ಕೊಚ್ಚಿ ತಂದು ನೂರಾರು ಮೈಲಿ ಹರಡಿಬಿಟ್ಟಿವೆ. ಅಲ್ಲಿ ಎಷ್ಟು ಗೇಟು ಕಾಯುತ್ತೀರಿ? ಖಾಮಾ ಅವರಷ್ಟೇ ಪ್ರಾಮಾಣಿಕರೊಬ್ಬರು ಫ್ರೀಟೌನ್‌ನಲ್ಲಿದ್ದರೂ ತಿಣುಕಾಡಬೇಕಿತ್ತು.

ಇನ್ನು, ಯಾರೂ ಕದಿಯದಿದ್ದರೂ ಸಂಪತ್ತು ಕಾಡುವ ಬಗೆಯೊಂದಿದೆ. ನೆದರ್‌ಲೆಂಡ್ಸ್‌ನ ಗ್ರೊನಿಂಗೆನ್‌ನಲ್ಲಿ 1959ರಲ್ಲಿ ಅನಿಲ ಸಿಕ್ಕಿತು, ಅದನ್ನು ಮಾರಿದ ಹಣ ಹರಿದುಬಂತು, ದೇಶದ ನಾಣ್ಯ ಬಲವಾಯಿತು, ಅಲ್ಲಿನ ಕಾರ್ಖಾನೆಗಳ ಸರಕು ಹೊರಗಿನವರಿಗೆ ತುಟ್ಟಿಯಾಯಿತು. ಇದಕ್ಕೆ ‘ಡಚ್ ಕಾಯಿಲೆ’ ಎಂದೇ ಹೆಸರು ಬಿತ್ತು. ನೈಜೀರಿಯಾದ ಕಾನೋ ನಗರದಲ್ಲಿ ಶೇಂಗಾ ಮೂಟೆಗಳನ್ನು ಪಿರಮಿಡ್ಡಿನಂತೆ ಒಟ್ಟುತ್ತಿದ್ದ ಕಾಲವಿತ್ತು. 1970ರ ದಶಕದಲ್ಲಿ ಬರ, ಬೆಳೆರೋಗಗಳ ಜೊತೆಗೆ ತೈಲದ ಹಣವೂ ಸೇರಿ ಅವು ಕಣ್ಮರೆಯಾದವು. ಬೋಟ್ಸ್ವಾನಾ ಹಣದ ಒಂದಂಶವನ್ನು ಹೊರದೇಶಗಳಲ್ಲಿ ಹೂಡಿ, 1994ರಲ್ಲಿ ಅದಕ್ಕೆಂದೇ ಪುಲಾ ನಿಧಿ ಮಾಡಿ, ಈ ಕಾಯಿಲೆಯನ್ನು ಒಂದಷ್ಟು ತಡೆದುಕೊಂಡಿತು.

ಕೋಲಾರದವರಿಗೆ ಇದೆಲ್ಲ ತೀರ ದೂರದ ಮಾತೇನಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಗಣಿ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿ, ಮೈಸೂರು ಸಂಸ್ಥಾನಕ್ಕೆ ಬಂದದ್ದು ರಾಜಧನ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಊರಿಗೆ ಉಳಿದದ್ದು ಸೈನೈಡ್ ದಿಬ್ಬಗಳು, ಮತ್ತೆ ಬೆಳ್ಳಂಬೆಳಗ್ಗೆ ಬೆಂಗಳೂರಿನ ರೈಲು ಹಿಡಿಯಲು ಓಡುವ ಜನ.

ಬೋಟ್ಸ್ವಾನಾವನ್ನು ಸ್ವರ್ಗವೆಂದು ಬಣ್ಣಿಸುವ ಆಸೆ ನನಗಿಲ್ಲ. ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರ ಅಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳ ಮಟ್ಟದ್ದು. ಕಲಹಾರಿಯ ಮೂಲನಿವಾಸಿಗಳಾದ ಸಾನ್ ಜನರನ್ನು ಅವರ ನೆಲದಿಂದ ಎಬ್ಬಿಸಿದ ಸರ್ಕಾರ 2006ರಲ್ಲಿ ತನ್ನದೇ ನ್ಯಾಯಾಲಯದಲ್ಲಿ ಸೋತಿತು. ಎಚ್‌ಐವಿ ಒಂದು ಇಡೀ ಪೀಳಿಗೆಯನ್ನು ಹಿಂಡಿತು. 2002ರಲ್ಲಿ ಉಚಿತ ಚಿಕಿತ್ಸೆ ಆರಂಭಿಸಲು ಕೈಯಲ್ಲಿ ಹಣವಾದರೂ ಇತ್ತು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ವಜ್ರದ ಹಣದಿಂದ ವಜ್ರ ಬಿಟ್ಟು ಬೇರೆ ದುಡಿಮೆಯನ್ನು ಸಾಕಷ್ಟು ಕಟ್ಟಿಕೊಳ್ಳಲಿಲ್ಲ. ಈಗ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಅಗ್ಗದಲ್ಲಿ ಬರುತ್ತಿದೆ, ಅದರಲ್ಲೂ ನಮ್ಮ ಸೂರತ್ತಿನಿಂದ. ಗಣಿಯ ಹರಳಿಗೆ ಸಾಣೆ ಹಿಡಿದು ಹೆಸರು ಮಾಡಿದ ಊರೇ ಅದಕ್ಕೆ ಪೈಪೋಟಿಯನ್ನೂ ತಯಾರಿಸುತ್ತಿದೆ.

ಮಾರಾಟ ಕುಸಿಯಿತು, ನಿರುದ್ಯೋಗ ಏರಿತು. 2024ರ ಅಕ್ಟೋಬರ್ 30ರ ಚುನಾವಣೆಯಲ್ಲಿ, ಸ್ವಾತಂತ್ರ್ಯದಿಂದ 58 ವರ್ಷ ಸತತ ಆಳಿದ್ದ ಪಕ್ಷವನ್ನು ಜನ ಮನೆಗೆ ಕಳುಹಿಸಿದರು. ಎಣಿಕೆ ಪೂರ್ತಿ ಮುಗಿಯುವ ಮೊದಲೇ ಅಧ್ಯಕ್ಷ ಮೊಕ್ವೀಟ್ಸಿ ಮಸೀಸಿ ಸೋಲೊಪ್ಪಿಕೊಂಡರು. ನವೆಂಬರ್ 1ರಂದು ಡುಮಾ ಬೊಕೊ ಪ್ರಮಾಣವಚನ ಸ್ವೀಕರಿಸಿದರು. ಒಂದು ಗುಂಡೂ ಹಾರಲಿಲ್ಲ. ಮರುವರ್ಷದ ಆಗಸ್ಟ್‌ನಲ್ಲಿ ಆಸ್ಪತ್ರೆಗಳಲ್ಲಿ ಔಷಧ ಖಾಲಿಯಾಗಿ, ಅದೇ ಬೊಕೊ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು.